ಹರಳೆಣ್ಣೆ ಮುಖ: ಯಾರಿಗೆ, ಯಾವಾಗ, ಎಷ್ಟು

ಮೈಸೂರು, ಮಂಡ್ಯ ಸೀಮೆಯಲ್ಲಿ ಬೆಳೆದವರಿಗೆ ‘ಹರಳೆಣ್ಣೆ ಮುಖ’ ಅಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಚಿಕ್ಕಂದಿನಲ್ಲಿ ಒಮ್ಮೆಯಾದರೂ ಆ ಮಾತು ಅನ್ನಿಸಿಕೊಂಡಿರುತ್ತಾರೆ. ಎಡವಟ್ಟಾಗುವುದು ಬಳಸುವಾಗ. ಕಿರುನಾಟಕ, ಧಾರಾವಾಹಿ ಸಂಭಾಷಣೆ ಬರೆಯುವವರು, ಅನುವಾದ ಮಾಡುವವರು, ಹೊರಗಿನಿಂದ ಬಂದು ಕನ್ನಡ ಕಲಿತವರು ಇದನ್ನು ‘ಬೇಸರದ ಮುಖ’ ಅನ್ನುವ ಕಡೆಯೆಲ್ಲ ತುರುಕುತ್ತಾರೆ. ಸಾವಿನ ಮನೆಯಲ್ಲಿ ಕೂತವರಿಗೂ ಅದೇ ಮುಖ, ಕೆಲಸ ಕಳೆದುಕೊಂಡವರಿಗೂ ಅದೇ ಮುಖ, ದೋಸೆಗೆ ಎರಡನೇ ಸಲ ಚಟ್ನಿ ಸಿಗದವರಿಗೂ ಅದೇ ಮುಖ. ಮೂರರಲ್ಲಿ ಕೊನೆಯದು ಮಾತ್ರ ಸರಿ. ದುಃಖ ಬೆರಳುದ್ದ, ಮುಖ ಮೊಳದುದ್ದ ಆದಾಗ ಈ ಮಾತಿಗೆ ಜಾಗ. ಈ ಅಳತೆ ಕೈಗೆ ಹತ್ತಿದರೆ ಉಳಿದದ್ದೆಲ್ಲ ಸಲೀಸು.

ಮೊದಲು ಎಣ್ಣೆ ಎಂಥದು ತಿಳಿಯಿರಿ

ಹರಳು ಅಂದರೆ ಬೀಜ, ಕಲ್ಲಿನ ಚೂರು. ಹಳಗನ್ನಡದಲ್ಲಿ ಪರಳ್. ಪಾಲು ಹಾಲಾದ ಹಾಗೆ ಇದೂ ಹರಳಾಯಿತು. ಉಂಗುರಕ್ಕೆ ಕೂರಿಸುವ ಹರಳೂ ಇದೇ ಮಾತು. ಹರಳು ಮತ್ತು ಎಣ್ಣೆ ಸೇರಿದಾಗ ಕೊನೆಯ ಉಕಾರ ಬಿದ್ದುಹೋಗಿ ಹರಳೆಣ್ಣೆ. ಶಾಲೆಯಲ್ಲಿ ಕಲಿತ ಲೋಪಸಂಧಿ. ಬಯಲುಸೀಮೆಯ ರಾಗಿ ಹೊಲಗಳ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳಿನ ಜೊತೆ ಹರಳು ಗಿಡವೂ ನಿಂತಿರುತ್ತದೆ. ಮನೆಯಲ್ಲಿ ಎಣ್ಣೆ ತೆಗೆಯುವವರು ಬೀಜ ಹುರಿದು, ಕುಟ್ಟಿ, ನೀರಿಗೆ ಹಾಕಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಬೇರೆ ಪಾತ್ರೆಗೆ ತೆಗೆದುಕೊಂಡು, ನೀರಿನ ಪಸೆ ಆರುವವರೆಗೆ ಕಾಯಿಸುತ್ತಿದ್ದರು. ನೆತ್ತಿಗೆ, ಅಂಗಾಲಿಗೆ, ದೀಪಕ್ಕೆ, ಎತ್ತಿನ ಗಾಡಿಯ ಕೀಲಿಗೆ ಎಲ್ಲಕ್ಕೂ ಅದೇ.

ಆದರೆ ನಮ್ಮ ಮಾತು ಹುಟ್ಟಿದ್ದು ನೆತ್ತಿಯಿಂದಲೂ ಅಲ್ಲ, ಕೀಲಿನಿಂದಲೂ ಅಲ್ಲ, ಭೇದಿಯಿಂದ. ಹೊಟ್ಟೆ ಶುದ್ಧಿಯಾಗಲಿ ಎಂದು ಬೆಳಗ್ಗೆ ಖಾಲಿ ಹೊಟ್ಟೆಗೆ, ಎಳೆಯ ಮಕ್ಕಳಾದರೆ ಒಳಲೆ ಎಂಬ ಪುಟ್ಟ ಬಟ್ಟಲಲ್ಲಿ, ದೊಡ್ಡವರಾದರೆ ಬಿಸಿ ಕಾಫಿಯ ಜೊತೆ ಕುಡಿಸುತ್ತಿದ್ದ ಕಾಲವೊಂದಿತ್ತು. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ 85ರಿಂದ 90 ಪಾಲು ರಿಸಿನೋಲಿಯಿಕ್ ಆಮ್ಲ. ಎಣ್ಣೆ ಅಷ್ಟು ಮಂದವಾಗಿರುವುದಕ್ಕೂ, ಕರುಳನ್ನು ಕೆರಳಿಸುವುದಕ್ಕೂ ಅದೇ ಕಾರಣ. ಕುಡಿದ ಮೇಲೆ 2ರಿಂದ 6 ಗಂಟೆಯೊಳಗೆ ಕೆಲಸ ಮಾಡುತ್ತದೆ. (ಮಾತು ಬಳಸಿ, ಎಣ್ಣೆ ಬೇಡ. ಮಕ್ಕಳಿಗೂ ಬಸುರಿಯರಿಗೂ ಮನೆಯಲ್ಲಿ ನೀವೇ ತೀರ್ಮಾನಿಸಿ ಕುಡಿಸುವಂಥದ್ದಲ್ಲ. ಹಸಿ ಬೀಜದಲ್ಲಿ ರಿಸಿನ್ ಎಂಬ ಕಡು ವಿಷವಿದೆ, ಅಗಿಯಲೇಬಾರದು.)

ಇಷ್ಟೆಲ್ಲ ಏಕೆ ಹೇಳಿದೆವೆಂದರೆ, ಮುಖದ ಗುಟ್ಟು ಇಲ್ಲಿದೆ. ಹಾಗಲಕಾಯಿ ತಿಂದ ಮುಖ ಒಂದು ಗುಟುಕು ನೀರಿಗೆ ಸರಿಹೋಗುತ್ತದೆ. ಹರಳೆಣ್ಣೆ ಕಹಿಯಲ್ಲ. ಅದರ ಕಾಟ ಬೇರೆ: ನಾಲಿಗೆಗೆ, ಅಂಗುಳಕ್ಕೆ, ಗಂಟಲಿಗೆ ಮೆತ್ತಿಕೊಳ್ಳುತ್ತದೆ, ವಾಸನೆ ಹೋಗುವುದಿಲ್ಲ. ಮೇಲಾಗಿ ಕುಡಿದವರಿಗೆ ಮುಂದೇನು ಅಂತ ಗೊತ್ತು. ಹಾಗಾಗಿ ಆ ಮುಖದಲ್ಲಿ ಈಗಿನ ಓಕರಿಕೆಯೂ ಇರುತ್ತದೆ, ಬರಲಿರುವ ಫಜೀತಿಯ ಮುನ್ಸೂಚನೆಯೂ ಇರುತ್ತದೆ. ನಿಜವಾಗಿ ಆಗಿರುವುದು ಎರಡು ಚಮಚ ಎಣ್ಣೆ. ಮುಖ ಮಾತ್ರ ಮನೆ ಮುಳುಗಿದವರದು.

ಹತ್ತಿರದಿಂದ ನೋಡಿ. ಹುಬ್ಬು ನಡುವೆ ಕೂಡಿ ಮೇಲಕ್ಕೇರಿರುತ್ತದೆ. ತುಟಿ ಬಿಗಿ, ಎರಡು ಕೊನೆಯೂ ಕೆಳಗೆ. ಕೆನ್ನೆ ಇಳಿದು ಮುಖ ಉದ್ದವಾಗಿರುತ್ತದೆ. ಗಂಟಲ ಗಂಟು ಒಮ್ಮೆ ಮೇಲೆ ಹೋಗಿ ನಿಧಾನ ಇಳಿಯುತ್ತದೆ. ಕಣ್ಣಲ್ಲಿ ನೀರಿಲ್ಲ, ಆದರೆ ಕಣ್ಣು ಅಲ್ಲಿ ಇಲ್ಲಿ ಆಡುತ್ತಿರುತ್ತದೆ, ಯಾರಾದರೂ ನೋಡುತ್ತಿದ್ದಾರೋ ಅಂತ. ಈ ಕೊನೆಯ ಗುರುತೇ ಮುಖ್ಯ. ಕಣ್ಣೀರು ಬಂತೋ, ಬೇರೆ ಪದ ಹುಡುಕಿ. ನೋಡುವವರು ಯಾರೂ ಇಲ್ಲದೆ ಒಬ್ಬರೇ ಕೂತಾಗಲೂ ಮುಖ ಹಾಗೇ ಇದ್ದರೆ ಆಗಲೂ ಬೇರೆ ಪದ.

ಆಮೇಲೆ ಅಳತೆ

ಬಳಸುವ ಮುನ್ನ ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಿಕೊಳ್ಳಿ. ರೈಲಿನಲ್ಲಿ ಮದ್ದೂರು ವಡೆ ಸಿಗಲಿಲ್ಲ. ಜಂಬೂ ಸವಾರಿಗೆ ಪಾಸು ಸಿಕ್ಕಿತು, ಆದರೆ ಕಂಬದ ಹಿಂದಿನ ಕುರ್ಚಿ. ಬೀಗರ ಊಟದಲ್ಲಿ ಕೂತ ಪಂಕ್ತಿಗೆ ಬರುವಷ್ಟರಲ್ಲಿ ಬೋಟಿ ಖಾಲಿ. ಇವೆಲ್ಲ ಕೇಳಿದವರು ‘ಅಯ್ಯೋ ಅಷ್ಟೇನಾ’ ಅನ್ನುವ ಕಾರಣಗಳು. ‘ಅಷ್ಟೇನಾ’ ಅನ್ನಿಸಿದರೆ ಹರಳೆಣ್ಣೆ ಮುಖ ಸರಿ.

ಈಗ ಇನ್ನೊಂದು ಬದಿ ನೋಡಿ. ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್ ಅಣೆಕಟ್ಟು) ತುಂಬಿದರೆ ಮಟ್ಟ 124.80 ಅಡಿ. ಮಳೆಗಾಲ ಮುಗಿಯುತ್ತ ಬಂದರೂ ನೀರು ಅದರ ಹತ್ತಿರ ಸುಳಿಯದ ವರ್ಷ ನಾಲೆ ಬಯಲಿನಲ್ಲಿ ಭತ್ತದ ಒಟ್ಲು (ಸಸಿಮಡಿ) ಹಾಕಿ ಕೂತವರ ಮುಖ ನೋಡಿ. ಕಬ್ಬು ಕಡಿದು ಕಳಿಸಿ ಬಾಕಿ ಹಣಕ್ಕೆ ಅಲೆಯುವವರ ಮುಖ ನೋಡಿ. ಅಲ್ಲಿ ಮುಖಕ್ಕಿಂತ ಕಷ್ಟ ದೊಡ್ಡದು. ಅವರನ್ನು ‘ಹರಳೆಣ್ಣೆ ಮುಖ ಹಾಕಿಕೊಂಡು ಕೂತಿದ್ದರು’ ಎಂದು ಬರೆದ ವರದಿಗಾರ ಬೇಕಂತಲೇ ಅಣಕಿಸಿದ ಹಾಗಾಗುತ್ತದೆ. ಮದುವೆ ಮನೆಯಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿಗೆ ಅಳುವ ತಾಯಿಗೂ ಇದು ಸಲ್ಲದು. ಅದೇ ಚಪ್ಪರದಲ್ಲಿ, ಫೋಟೊದವನು ತನ್ನನ್ನು ಎರಡನೇ ಸಾಲಿಗೆ ತಳ್ಳಿದ ಅಂತ ಮೂಲೆ ಹಿಡಿದ ಚಿಕ್ಕಪ್ಪನಿಗೆ ಧಾರಾಳವಾಗಿ ಅನ್ನಬಹುದು.

ಹೊರಗಿನಿಂದ ನೋಡಿ ಕಾರಣ ಚಿಕ್ಕದೆಂದು ತೀರ್ಮಾನಿಸುವಾಗ ಒಂದು ಎಚ್ಚರ ಇರಲಿ. ಎರಡು ವಾರ ದಾಟಿಯೂ ಮಂಕಾಗಿ, ಊಟ ನಿದ್ದೆ ಕೆಟ್ಟು, ಇಷ್ಟದ ಕೆಲಸವೂ ಬೇಡವಾದವರು ನಾಟಕ ಮಾಡುತ್ತಿಲ್ಲ, ಅದು ವೈದ್ಯರಿಗೆ ತೋರಿಸಬೇಕಾದ ಲಕ್ಷಣ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಮಾತಾಡುತ್ತದೆ. ಅಂಥವರ ಮುಂದೆ ಹರಳೆಣ್ಣೆಯ ಸುದ್ದಿ ಎತ್ತಲೇಬೇಡಿ.

ಕ್ರಿಯಾಪದದಲ್ಲಿ ಜೀವ ಇದೆ

ಕಲಿತವರು ಹೆಚ್ಚು ಎಡವುವುದು ಇಲ್ಲಿ. ಮುಖದ ಬಗ್ಗೆ ಕನ್ನಡದಲ್ಲಿ ಎರಡು ಜಾತಿಯ ಕ್ರಿಯಾಪದಗಳಿವೆ. ಒಂದು ತಾನಾಗಿ ಆಗುವಂಥದು: ಮುಖ ಬಾಡಿತು, ಕಂದಿತು, ಇಳಿದುಹೋಯಿತು, ಸಪ್ಪಗಾಯಿತು, ಪೆಚ್ಚಾಯಿತು. ಇನ್ನೊಂದು ಮಾಡಿಕೊಳ್ಳುವಂಥದು: ಮುಖ ಗಂಟಿಕ್ಕಿಕೊಂಡ, ಮೂತಿ ಊದಿಸಿಕೊಂಡ, ಮೋರೆ ಹಾಕಿಕೊಂಡ. ಮೊದಲನೆಯದರಲ್ಲಿ ಮನುಷ್ಯನ ತಪ್ಪಿಲ್ಲ. ಎರಡನೆಯದರಲ್ಲಿ ‘ಕೊಳ್ಳು’ ಸೇರಿ, ನೀನೇ ಮಾಡಿಕೊಂಡಿದ್ದು ಕಣಪ್ಪ ಅನ್ನುತ್ತದೆ.

ಹರಳೆಣ್ಣೆ ಮುಖಕ್ಕೆ ಬರುವುದು ಎರಡನೆಯ ಜಾತಿ ಮಾತ್ರ. ‘ಅವನ ಮುಖ ಹರಳೆಣ್ಣೆಯಾಯಿತು’ ಅಂತ ಯಾರೂ ಅನ್ನುವುದಿಲ್ಲ. ‘ಹರಳೆಣ್ಣೆ ಮುಖ ಹಾಕಿದ’ ಅಂದರೂ ಕಿವಿಗೆ ಕಚ್ಚುತ್ತದೆ, ‘ಹಾಕಿಕೊಂಡ’ ಅಂತಲೇ ಆಗಬೇಕು. ಹಾಕಿಕೊಳ್ಳುವುದಕ್ಕೂ ಮಾಡಿಕೊಳ್ಳುವುದಕ್ಕೂ ಸಣ್ಣ ವ್ಯತ್ಯಾಸವೂ ಇದೆ. ‘ಮಾಡಿಕೊಂಡ’ ಅಂದರೆ ಈಗ ತಾನೇ ಏನೋ ಆಗಿ ಮುಖ ಹಾಗಾಗಿದೆ. ‘ಹಾಕಿಕೊಂಡು ಬಂದ’ ಅಂದರೆ ಅಂಗಿ ಹಾಕಿಕೊಂಡ ಹಾಗೆ ಮನೆಯಿಂದಲೇ ತೊಟ್ಟು ಬಂದಿದ್ದಾನೆ. ‘ಹೊತ್ತುಕೊಂಡು ತಿರುಗಿದ’ ಅಂದರೆ ಬೆಳಗಿನಿಂದ ಸಂಜೆವರೆಗೂ ಇಳಿಸಿಲ್ಲ. ಬರೆಯುವವರು ಇವುಗಳಲ್ಲಿ ಯಾವುದು ಅಂತ ಆರಿಸಿಕೊಂಡರೆ ಸಾಕು, ಮುಂದೆ ವಿವರಣೆ ಬೇಕಾಗುವುದಿಲ್ಲ.

ಹೋಲಿಕೆಯಾಗಿ ಬಿಡಿಸಿ ಹೇಳುವುದಕ್ಕೂ ಸಮಾಸವಾಗಿ ಹೆಣೆಯುವುದಕ್ಕೂ ತೂಕ ಬೇರೆ. ‘ಹರಳೆಣ್ಣೆ ಕುಡಿದವನ ಹಾಗೆ ಮುಖ ಮಾಡ್ಕೊಂಡಿದ್ದ’ ಇವತ್ತಿನ ಮಾತು, ನಾಳೆಗೆ ಮರೆತುಹೋಗುತ್ತದೆ. ‘ಹರಳೆಣ್ಣೆ ಮುಖದವನು’ ಅಂದರೆ ಪಟ್ಟಿ ಕಟ್ಟಿದ ಹಾಗೆ. ಆ ಹೆಸರು ಓಣಿ ತುಂಬ ಓಡಾಡಿ ಅವನ ಮದುವೆಯವರೆಗೂ ಹಿಂದೆ ಬರುತ್ತದೆ. ಮಕ್ಕಳ ವಿಷಯದಲ್ಲಿ ಎರಡನೆಯದನ್ನು ಬಳಸಬೇಡಿ.

ಮುಖವೋ, ಮೋರೆಯೋ

ಕನ್ನಡದಲ್ಲಿ ಮುಖಕ್ಕೆ ಏಣಿಯಷ್ಟು ಮೆಟ್ಟಿಲು. ಮೇಲೆ ವದನ, ಮೊಗ. ನಡುವೆ ಮುಖ. ಆಮೇಲೆ ಮೋರೆ, ಮೂತಿ, ತೀರಾ ಕೆಳಗೆ ಮುಸುಡಿ. ಹರಳೆಣ್ಣೆ ಕೂರುವುದು ಮುಖ, ಮೋರೆ ಎರಡರ ಮೇಲೆ. ಮೈಸೂರು ಕಡೆ ಮೋರೆ ಅಂದರೆ ಸ್ವಲ್ಪ ಒರಟು, ಸಲಿಗೆ ಇದ್ದ ಕಡೆ ಮಾತ್ರ. ಮೂತಿ ಮಕ್ಕಳಿಗೆ ಮುದ್ದು, ದೊಡ್ಡವರಿಗೆ ಬೈಗುಳ. ಮುಸುಡಿ ಅಂದ ಮೇಲೆ ತಮಾಷೆ ಮುಗಿಯಿತು, ಜಗಳ ಶುರು. ವದನಕ್ಕೆ ಹರಳೆಣ್ಣೆ ಹಚ್ಚುವುದು ಹರಿಕಥೆ ದಾಸರ ಶೈಲಿಯಲ್ಲಿ ಬೇಕಂತಲೇ ನಗಿಸುವಾಗ ಚೆನ್ನಾಗಿರುತ್ತದೆ, ಬೇರೆಲ್ಲೂ ಅಲ್ಲ.

ಯಾರು ಯಾರಿಗೆ ಅನ್ನಬಹುದು ಅನ್ನುವುದಕ್ಕೆ ಬರೆದಿಟ್ಟ ಕಟ್ಟಳೆ ಇಲ್ಲ, ಆದರೆ ಎಲ್ಲರಿಗೂ ಗೊತ್ತಿರುವ ಕಟ್ಟಳೆ ಇದೆ. ದೊಡ್ಡವರು ಚಿಕ್ಕವರಿಗೆ ಅನ್ನಬಹುದು. ಅಜ್ಜಿ ಮೊಮ್ಮಗನಿಗೆ, ಸೋದರಮಾವ ಅಳಿಯನಿಗೆ, ಅಕ್ಕ ತಮ್ಮನಿಗೆ. ಭಾವ ಭಾಮೈದರ ನಡುವೆ ಎರಡು ಕಡೆಯಿಂದಲೂ ನಡೆಯುತ್ತದೆ, ಅಲ್ಲಿ ತಮಾಷೆಗೆ ಪರವಾನಗಿ ಮೊದಲೇ ಇದೆ. ಸರೀಕರಲ್ಲಿ, ಒಟ್ಟಿಗೆ ಕೆಲಸ ಮಾಡುವವರಲ್ಲಿ ‘ಯಾಕ್ರೀ, ಹರಳೆಣ್ಣೆ ಮುಖ ಹಾಕ್ಕೊಂಡಿದ್ದೀರಾ’ ಅಂದರೆ ನಗುತ್ತಾರೆ. ಅತ್ತೆ ಮಾವನಿಗೆ, ಬೀಗರಿಗೆ, ಮೇಲಧಿಕಾರಿಗೆ ಎದುರಿಗೆ ಅನ್ನುವಂತಿಲ್ಲ. ಅವರಿಗೆ ‘ಯಾಕೆ ಸಪ್ಪಗಿದ್ದೀರಿ’, ‘ಯಾಕ್ ಸರ್, ಒಂಥರಾ ಇದ್ದೀರಾ’. ಅವರು ಬಾಗಿಲು ದಾಟಿದ ಮೇಲೆ ಏನನ್ನುತ್ತಾರೆ ಅನ್ನುವುದು ಬೇರೆ ವಿಚಾರ.

ಊರಿನ ಉಚ್ಚಾರ

ಪಾತ್ರ ಮೈಸೂರಿನ ಅಗ್ರಹಾರದ ಕಡೆಯದಾದರೆ ‘ಯಾಕೋ ಪುಟ್ಟ, ಹರಳೆಣ್ಣೆ ಕುಡಿದವರ ಥರ ಮುಖ ಮಾಡ್ಕೊಂಡಿದ್ದೀಯ?’ ಅಂದೀತು. ಮಳವಳ್ಳಿ, ನಾಗಮಂಗಲದ ಹಳ್ಳಿಯದಾದರೆ ಅದೇ ಮಾತು ಹೀಗೆ ಬರುತ್ತದೆ:

‘ಯಾಕ್ಲಾ ಮಗ, ಅಳ್ಳೆಣ್ಣೆ ಕುಡ್ದೋನಂಗೆ ಮಕ ಮಾಡ್ಕಂಡು ಕುಂತಿದ್ದೀಯೆ?’

‘ಏನಿಲ್ಲ ಕನ ಮಾವ.’

ಇದು ಬಾಯಿಗೆ ಬಂದ ಹಾಗೆ ಕೆಡಿಸಿದ್ದಲ್ಲ, ಲೆಕ್ಕ ಇದೆ. ನೆರಳು ನೆಳ್ಳಾಗುವ, ಬೆರಳು ಬೆಳ್ಳಾಗುವ ದಾರಿಯಲ್ಲೇ ಹರಳು ಹಳ್ಳಾಗಿ, ಮೊದಲ ಹಕಾರವೂ ಬಿದ್ದು ಅಳ್ಳೆಣ್ಣೆ. ಪಟ್ಟಣದ ಲೇಖಕರು ಗ್ರಾಮ್ಯ ಮಾಡುತ್ತೇವೆ ಅಂತ ಹಕಾರ ಮಾತ್ರ ಕಿತ್ತು ‘ಅರಳೆಣ್ಣೆ’ ಅಂತ ಬರೆಯುತ್ತಾರೆ. ಅರಳೆ ಅಂದರೆ ಹತ್ತಿ. ಓದಿದವರು ಹತ್ತಿಗೂ ಮುಖಕ್ಕೂ ಏನು ಸಂಬಂಧ ಅಂತ ತಲೆ ಕೆರೆದುಕೊಳ್ಳುತ್ತಾರೆ. ಧಾರವಾಡದ ಕಡೆಯ ಪಾತ್ರಕ್ಕಂತೂ ಈ ಮಾತನ್ನು ಇದ್ದ ಹಾಗೆ ಕೊಡಬೇಡಿ. ಅಲ್ಲಿ ಹರಳು ಔಡಲ, ಮುಖ ಮಾರಿ. ಎರಡು ಪದದಲ್ಲಿ ಎರಡೂ ಅಲ್ಲಿಯವಲ್ಲ. ಮಂಡ್ಯದಲ್ಲಿ ಮಾರಿ ಅಂದರೆ ಊರಹಬ್ಬದ ನೆನಪಾಗುತ್ತದೆ, ಮುಖದ ನೆನಪಾಗುವುದಿಲ್ಲ.

ಅಕ್ಕಪಕ್ಕದ ಪದಗಳು

ಹರಳೆಣ್ಣೆಗೆ ಬದಲು ಇವುಗಳಲ್ಲಿ ಒಂದು ಬೇಕಾಗಿರಬಹುದು. ಸೋತು, ಕೈ ಖಾಲಿಯಾಗಿ ವಾಪಸಾದವನದು ಹ್ಯಾಪು ಮೋರೆ. ಈ ಪದದ ಹಿಂದೆ ಮುಂದೆ ‘ಹಿಂದಿರುಗಿದ’, ‘ವಾಪಸ್ ಬಂದ’ ಇದ್ದೇ ಇರುತ್ತದೆ, ಜಂಬ ಕೊಚ್ಚಿ ಹೋದವನಾದರೆ ಇನ್ನೂ ಚೆನ್ನ. ಆಸೆ ಕೈಗೂಡದೆ ದವಡೆ ಇಳಿದದ್ದು ಜೋಲು ಮೋರೆ. ಗಂಟು ಮುಖದಲ್ಲಿ ಇರುವುದು ಸಿಟ್ಟು, ಬೇಸರವಲ್ಲ. ಮೂತಿ ಊದಿಸಿಕೊಂಡವರಿಗೆ ಎದುರಿಗೆ ಒಬ್ಬರು ಬೇಕು, ರಮಿಸುವುದಕ್ಕೆ. ಅವರು ಎದ್ದು ಹೋದರೆ ಊದಿದ್ದು ಇಳಿಯುತ್ತದೆ. ಸಿಂಡರಿಸುವುದು ಕ್ಷಣದ ಕೆಲಸ, ಹುಳಿ ಮಜ್ಜಿಗೆ ಬಾಯಿಗಿಟ್ಟಷ್ಟು ಹೊತ್ತು. ಇಂಗು ತಿಂದ ಮಂಗನ ಮುಖ ಏನು ಮಾಡಬೇಕೆಂದು ತೋಚದೆ ಸಿಕ್ಕಿಬಿದ್ದವನದು. ಇದನ್ನು ಹರಳೆಣ್ಣೆಯ ಜೊತೆ ಕಲಸುವವರು ಬಹಳ, ಎರಡರಲ್ಲೂ ಏನೋ ತಿಂದಿದ್ದಾರೆ ಅನ್ನುವ ಒಂದೇ ಕಾರಣಕ್ಕೆ.

ಅಳುಮುಂಜಿ ಬೇರೆ ವರ್ಗ. ಅದು ಸ್ವಭಾವ, ಅಲ್ಲಿ ಕಣ್ಣೀರು ಸದಾ ರೆಪ್ಪೆಯ ಹಿಂದೆ ತಯಾರಿರುತ್ತದೆ. ಗೋಳಿಗೆ ಬಾಯಿ ಬೇಕು. ಹರಳೆಣ್ಣೆ ಮುಖದ ವಿಶೇಷವೇ ಅದು ಮಾತಾಡದಿರುವುದು. ‘ಏನಾಯ್ತು’ ಅಂತ ಕೇಳಿದರೆ ‘ಏನಿಲ್ಲ’ ಅನ್ನುವ ಉತ್ತರ, ಆ ‘ಏನಿಲ್ಲ’ದಲ್ಲಿ ಇನ್ನೊಂದು ಸಲ ಕೇಳಿ ಅನ್ನುವ ಎಳೆತ. ಎರಡನೇ ಸಲ ಕೇಳಿದ ಕೂಡಲೇ ಕಾರಣ ಸುರಿಯತೊಡಗಿದರೆ ಅಲ್ಲಿಗೆ ಅದು ಗೋಳಾಯಿತು. ಅಲ್ಲಿಂದಾಚೆ ಹರಳೆಣ್ಣೆ ಬಳಸಬೇಡಿ.

ಒಂದು ವಾಕ್ಯ ತಿದ್ದಿ ನೋಡೋಣ

ಕರಡು ಹೀಗಿದೆ ಅಂದುಕೊಳ್ಳಿ: ‘ಭಾವ ಬಹಳ ದುಃಖದಿಂದ, ಹರಳೆಣ್ಣೆ ಕುಡಿದವರಂತೆ ಮುಖ ಸಪ್ಪಗೆ ಮಾಡಿಕೊಂಡು, ಆಕಾಶವೇ ತಲೆಯ ಮೇಲೆ ಬಿದ್ದಂತೆ ಕುಳಿತಿದ್ದರು, ಏಕೆಂದರೆ ಅವರಿಗೆ ವಡೆ ಸಿಕ್ಕಿರಲಿಲ್ಲ.’

‘ಬಹಳ ದುಃಖದಿಂದ’ ಮೊದಲು ಹೋಗಲಿ, ದುಃಖ ನಿಜವಾಗಿದ್ದರೆ ಹರಳೆಣ್ಣೆಗೆ ಕೆಲಸವಿಲ್ಲ. ‘ಸಪ್ಪಗೆ’ ಹೋಗಲಿ, ಅದು ತಾನಾಗಿ ಆಗುವ ಜಾತಿ, ಮಾಡಿಕೊಳ್ಳುವ ಜಾತಿಯ ಪಕ್ಕ ಕೂತು ಅದರ ಖಾರ ಕಳೆಯುತ್ತದೆ. ಆಕಾಶ ಬೀಳುವುದು ಇನ್ನೊಂದು ಅತಿಶಯ. ಒಂದು ಮುಖಕ್ಕೆ ಎರಡು ಹೋಲಿಕೆ ಹೊರಿಸಿದರೆ ಓದುವವರು ಎರಡನ್ನೂ ನೋಡುವುದಿಲ್ಲ. ಇನ್ನು ಕಾರಣ ಕೊನೆಗೆ ಬಂದಿರುವುದು ದೊಡ್ಡ ಲೋಪ. ಕಾರಣ ಎಷ್ಟು ಚಿಕ್ಕದು ಅಂತ ಮೊದಲು ತಿಳಿದರೆ ತಾನೇ ಮುಖ ಎಷ್ಟು ದೊಡ್ಡದು ಅಂತ ಕಾಣುವುದು? ‘ಏಕೆಂದರೆ’ ಬಿಟ್ಟು ಕಾರಣವನ್ನು ಮುಂದೆ ತನ್ನಿ:

‘ಮದ್ದೂರು ದಾಟಿತು. ವಡೆಯವನು ಈ ಬೋಗಿಗೆ ಬರಲೇ ಇಲ್ಲ. ಮಂಡ್ಯ ಬರುವವರೆಗೂ ಭಾವ ಹರಳೆಣ್ಣೆ ಮುಖ ಹಾಕಿಕೊಂಡು ಕಿಟಕಿಯಿಂದಾಚೆ ನೋಡುತ್ತಿದ್ದರು.’

ಮದ್ದೂರಿನಿಂದ ಮಂಡ್ಯಕ್ಕೆ ಸುಮಾರು 20 ಕಿಲೋಮೀಟರ್. ಅಷ್ಟು ಹೊತ್ತು ಒಂದು ವಡೆಗೆ. ಮೈಸೂರಿನವರೆಗೂ ಎಳೆದರೆ ಅತಿಯಾಯಿತು, ಓದುವವರಿಗೆ ಭಾವನ ಮೇಲೆ ಸಿಟ್ಟು ಬರುತ್ತದೆ. ಒಂದು ಬರಹದಲ್ಲಿ ಈ ಮಾತು ಒಂದೇ ಸಲ. ಎರಡನೇ ಸಲ ಬೇಕೇ ಬೇಕು ಅನ್ನಿಸಿದರೆ ಮುಖ ಬಿಟ್ಟು ‘ಎಣ್ಣೆ ಇನ್ನೂ ಇಳಿದಿಲ್ಲ’ ಅಂತ ಸುಳಿವು ಕೊಟ್ಟು ಮುಂದೆ ಹೋಗಿ.

ಸುದ್ದಿಯ ತಲೆಬರಹದಲ್ಲಿ, ಶ್ರದ್ಧಾಂಜಲಿಯಲ್ಲಿ, ಅರ್ಜಿಯಲ್ಲಿ ಇದು ಬೇಡ. ಚುನಾವಣೆ ಫಲಿತಾಂಶದ ದಿನ ಅಂಕಣಕಾರರಿಗೆ ಕೈ ತುರಿಸುತ್ತದೆ. ಆ ದಿನಕ್ಕೆ ಹ್ಯಾಪು ಮೋರೆಯೇ ಸರಿಯಾದ ಪದ.

ರಂಗದ ಮೇಲೆ ಮಾಡುವವರಿಗೆ

ಗಣೇಶೋತ್ಸವದ ಕಿರುನಾಟಕದಲ್ಲಿ ಹರಳೆಣ್ಣೆ ಮುಖ ಮಾಡಿ ಅಂದರೆ ಹುಡುಗರು ಅಳುವ ಮುಖ ಮಾಡುತ್ತಾರೆ. ಆಗ ಜನ ನಗುವುದಿಲ್ಲ, ಪಾಪ ಅನ್ನುತ್ತಾರೆ. ನಾಟ್ಯಶಾಸ್ತ್ರದ ಭಾಷೆಯಲ್ಲಿ ಶೋಕ ಕರುಣರಸಕ್ಕೆ ಸ್ಥಾಯಿ, ಅಂದರೆ ನೆಲೆಯಾದ ಭಾವ; ವಿಷಾದ ಮತ್ತು ದೈನ್ಯ ಬಂದು ಹೋಗುವ 33 ಸಂಚಾರಿ ಭಾವಗಳಲ್ಲಿ ಸೇರುತ್ತವೆ. ಕಾರಣಕ್ಕೆ ಮೀರಿ ಶೋಕ ತೋರಿಸಿದರೆ ಕರುಣ ಹುಟ್ಟದೆ ಅದರ ಆಭಾಸ, ಬರೀ ತೋರಿಕೆ ಹುಟ್ಟುತ್ತದೆ, ಆಭಾಸ ಹಾಸ್ಯಕ್ಕೆ ತಿರುಗುತ್ತದೆ ಎಂದು ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಹೇಳಿದ್ದು ನಮ್ಮ ಭಾವನ ವಡೆಗೂ ಒಪ್ಪುತ್ತದೆ. ಹಾಗಾಗಿ ಕಾರಣದ ವಸ್ತು ರಂಗದ ಮೇಲೆ ಎಲ್ಲರ ಕಣ್ಣಿಗೆ ಕಾಣುವಂತಿರಲಿ: ಖಾಲಿ ತಟ್ಟೆ, ಹರಿದ ಗಾಳಿಪಟ, ಕೊನೆಯ ವಡೆಯ ಕಾಗದ.

ಮುಖ ಒಂದೇ ಸಲಕ್ಕೆ ಬರಬಾರದು. ಮೊದಲು ತುಟಿ ಬಿಗಿಯಲಿ, ಆಮೇಲೆ ಕೆನ್ನೆ ಇಳಿಯಲಿ, ಕೊನೆಗೆ ಹುಬ್ಬು. ಅಲ್ಲಿ ನಿಲ್ಲಿಸಿ ಮೂರು ಎಣಿಸಿ. ಈಗ ಕತ್ತು ತಿರುಗಿಸದೆ ಕಣ್ಣು ಮಾತ್ರ ಪಕ್ಕಕ್ಕೆ ಸರಿಯಲಿ, ಅತ್ತಿಗೆ ನೋಡುತ್ತಿದ್ದಾಳೋ ಅಂತ. ನಗು ಬರುವುದು ಈ ಕಣ್ಣಿಗೇ. ಅಷ್ಟರಲ್ಲಿ ಒಳಗಿನಿಂದ ಕಾಫಿ ಲೋಟದ ಸದ್ದು ಬರಲಿ. ಲೋಟ ಕೈಗೆ ಬಂದ ಮೇಲೂ ಮುಖ ಹಾಗೇ ಇರಬೇಕು. ಮೊದಲ ಗುಟುಕಿಗೆ ಹುಬ್ಬು ಬಿಚ್ಚಲಿ, ಎರಡನೆಯದಕ್ಕೆ ಕೆನ್ನೆ. ತುಟಿ ಮಾತ್ರ ಬಿಡಬಾರದು, ಅವಳು ಕೇಳುವವರೆಗೆ.

‘ಸಕ್ಕರೆ ಸಾಕಾ?’

‘ಏನಿಲ್ಲ.’